ಓಡಿ ಬೇಡುವವರು

ಕಳೆದ ಫೆಬ್ರವರಿಯಲ್ಲಿ ಬೆಂಗಳೂರಿನ ಕಂಪೆನಿಯೊಂದರವರು ಕೆಲಸಕ್ಕೆ ಹುಡುಗ ಹುಡುಗಿಯರನ್ನು ಆರಿಸಿಕೊಳ್ಳಲು ನಮ್ಮ ಕಾಲೇಜಿಗೆ ಬಂದಿದ್ದರು. ಸಭಾಂಗಣದ ಪರದೆಯ ಮೇಲೆ ತಮ್ಮ ಕಚೇರಿಯ ವೈಭವವನ್ನೆಲ್ಲ ತೋರಿಸಿದರು. ಗಾಜಿನ ಕಟ್ಟಡ, ತಂಪು ಕೋಣೆಗಳು, ಕಲ್ಯಾಣಮಂಟಪದಷ್ಟು ದೊಡ್ಡ ಊಟದ ಮನೆ. ಕೊನೆಗೊಂದು ಚಿತ್ರ: ಒಂದೇ ಬಣ್ಣದ ಅಂಗಿ ತೊಟ್ಟ ಹನ್ನೆರಡು ಮಂದಿ ಯಾವುದೋ ಬೆಟ್ಟದ ನೆತ್ತಿಯ ಮೇಲೆ ಕೈಯೆತ್ತಿ ನಿಂತಿದ್ದಾರೆ, ಅವರ ಮುಂದೆ ಬಾಗಿಲಗಲದ ಒಂದು ಚೆಕ್ಕು. ‘ನಮ್ಮ ತಂಡ ಈ ಬೆಟ್ಟ ಹತ್ತಿ ಬಡ ಮಕ್ಕಳ ಶಾಲೆಗೆ ಹಣ ಕೂಡಿಸಿತು’ ಎಂದು ಬಂದವರು ಹೆಮ್ಮೆಯಿಂದ ಹೇಳಿದರು. ನಾವು ಚಪ್ಪಾಳೆ ತಟ್ಟಿದೆವು. ತಟ್ಟುತ್ತಿರುವಾಗಲೇ ಪಕ್ಕದಲ್ಲಿದ್ದ ನನ್ನ ಸ್ನೇಹಿತ ಕಿವಿಯ ಬಳಿ ಬಾಗಿ ಕೇಳಿದ: ‘ಇವರು ಬೆಟ್ಟ ಹತ್ತಿದರೆ ಬೇರೆಯವರು ಯಾಕೋ ದುಡ್ಡು ಕೊಡ್ತಾರೆ?’

ಪ್ರಶ್ನೆ ಹಳ್ಳಿಯದು, ನಿಜ. ಆದರೆ ನಕ್ಕು ತಳ್ಳಿಹಾಕಲು ನನ್ನಿಂದಾಗಲಿಲ್ಲ. ಬೆಟ್ಟ ಹತ್ತುವುದು ನಮ್ಮ ಜನಕ್ಕೇನೂ ಹೊಸದಲ್ಲ. ಮಲೆಮಹದೇಶ್ವರನ ಬೆಟ್ಟಕ್ಕೆ ನಡೆದೇ ಹೋಗುವವರುಂಟು. ಯುಗಾದಿ ಸಮೀಪಿಸಿತೆಂದರೆ ಉತ್ತರ ಕರ್ನಾಟಕದ ಊರೂರುಗಳಿಂದ ಕಂಬಿ ಹೊತ್ತು ಶ್ರೀಶೈಲದ ದಾರಿ ಹಿಡಿಯುವವರುಂಟು. ಶಿವರಾತ್ರಿಗೆ ಚಾರ್ಮಾಡಿ ಘಾಟಿಯನ್ನಿಳಿದು ಧರ್ಮಸ್ಥಳ ಸೇರುವವರುಂಟು. ದಾರಿಯಲ್ಲಿ ಅವರಿಗೆ ಮಜ್ಜಿಗೆ ಸಿಗುತ್ತದೆ, ಅನ್ನ ಸಿಗುತ್ತದೆ, ಗುಳ್ಳೆಯೆದ್ದ ಕಾಲಿಗೆ ಎಣ್ಣೆ ಸವರುವವರೂ ಸಿಗುತ್ತಾರೆ. ಆದರೆ ಮೈ ದಂಡಿಸುವವರೂ ಅವರೇ, ಕೊನೆಗೆ ಹುಂಡಿಗೆ ಕಾಣಿಕೆ ಹಾಕುವವರೂ ಅವರೇ. ಹರಕೆಯ ವ್ಯವಹಾರ ಭಕ್ತನಿಗೂ ದೇವರಿಗೂ ನಡುವೆಯೇ ಮುಗಿದುಹೋಗುತ್ತದೆ. ‘ನಾನು ದಣಿಯುತ್ತೇನೆ, ನೀನು ಕೊಡು, ಮತ್ತೊಬ್ಬನಿಗೆ ಸಲ್ಲಲಿ’ ಎಂಬ ಈ ಮೂರು ಮೂಲೆಯ ಲೆಕ್ಕ ನಮಗೆ ಹೊಸದು. ಹೊಸದೆಂದ ಮಾತ್ರಕ್ಕೆ ಕೆಟ್ಟದ್ದಾಗಬೇಕಿಲ್ಲ. ಎಲ್ಲಿಂದ ಬಂದಿತು, ಹೇಗೆ ನಡೆಯುತ್ತದೆ ಎಂದು ಅಂದಿನಿಂದ ಹುಡುಕಿ ಓದತೊಡಗಿದೆ.

ನನಗೆ ತುಂಬ ಹಿಡಿಸಿದ್ದು ಹಾಂಗ್ ಕಾಂಗಿನ ಕಥೆ. ಅಲ್ಲಿ ಗುಡ್ಡದಿಂದ ಗುಡ್ಡಕ್ಕೆ ಹಾಯುವ 100 ಕಿಲೋಮೀಟರಿನ ಕಾಲುಹಾದಿಯೊಂದಿದೆ. 1979ರಲ್ಲಿ ತೆರೆದ ಆ ಹಾದಿಗೆ ಆಗಿನ ಗವರ್ನರ್ ಮ್ಯಾಕ್ಲಿಹೋಸರ ಹೆಸರನ್ನಿಟ್ಟಿದ್ದಾರೆ. 1981ರಲ್ಲಿ ಅಲ್ಲಿದ್ದ ಬ್ರಿಟಿಷ್ ಸೈನ್ಯದ ಗೂರ್ಖಾ ಸಿಪಾಯಿಗಳು ತಮ್ಮ ಕವಾಯತಿನ ಅಂಗವಾಗಿ ಅದನ್ನು ನಡೆಯುವ ಸ್ಪರ್ಧೆಯನ್ನು ಆರಂಭಿಸಿದರು. 1986ರಲ್ಲಿ ಆಕ್ಸ್‌ಫಾಮ್ ಎಂಬ ಸೇವಾಸಂಸ್ಥೆ ಕೈಜೋಡಿಸಿತು. ನಾಗರಿಕರಿಗೂ ಬಾಗಿಲು ತೆರೆಯಿತು. ನಡೆಯುವವರು ಬಡವರ ಕೆಲಸಕ್ಕೆ ಹಣ ಕೂಡಿಸಿ ತರಬೇಕೆಂಬ ಕಟ್ಟಳೆ ಬಂದಿತು. ‘ಟ್ರೇಲ್‌ವಾಕರ್’ ಎಂಬ ಹೆಸರಿನಲ್ಲಿ ಅದು ದೇಶದಿಂದ ದೇಶಕ್ಕೆ ಹಬ್ಬಿತು. 2012ರಲ್ಲಿ ನಮ್ಮ ಬೆಂಗಳೂರಿನ ಆಸುಪಾಸಿನಲ್ಲೂ ನಡೆಯಿತು.

ಅದರ ನಿಯಮ ಬಹಳ ಸರಳ. ತಂಡಕ್ಕೆ ನಾಲ್ವರು. 100 ಕಿಲೋಮೀಟರು, 48 ಗಂಟೆ. ನಾಲ್ವರೂ ಜೊತೆಯಾಗಿ ಹೊರಟು ಜೊತೆಯಾಗಿಯೇ ಮುಟ್ಟಬೇಕು. ಈ ಕಡೆಯ ನಿಯಮದ ಮೇಲೆ ನಾನು ಬಹಳ ಹೊತ್ತು ಯೋಚಿಸಿದೆ. ಓಟದ ಪಂದ್ಯದಲ್ಲಿ ಮುಂದೆ ಹೋದವನಿಗೆ ಮರ್ಯಾದೆ. ಇಲ್ಲಿ ಮುಂದೆ ಹೋದವನು ನಿಂತು ಕಾಯಬೇಕು. ತಂಡದ ವೇಗವೆಂದರೆ ತಂಡದಲ್ಲಿ ಎಲ್ಲರಿಗಿಂತ ನಿಧಾನಿಯಾದವನ ವೇಗ. ಸಾಹೇಬರ ಮೊಣಕಾಲು ಹಿಡಿದುಕೊಂಡರೆ ಗುಮಾಸ್ತ ನಿಲ್ಲಬೇಕು, ಗುಮಾಸ್ತನ ಕಾಲು ಊದಿಕೊಂಡರೆ ಸಾಹೇಬರು ನಿಲ್ಲಬೇಕು. ರಾತ್ರಿ ಎರಡು ಗಂಟೆಯ ಕತ್ತಲೆಯಲ್ಲಿ ಒಂದೇ ದೀಪದ ಬೆಳಕಿನಲ್ಲಿ ನಡೆಯುವಾಗ ಯಾರ ಸಂಬಳವೆಷ್ಟು ಎಂಬುದು ಮರೆತುಹೋಗಬಹುದು. ಕಚೇರಿಗಳು ಇದನ್ನು ಇಷ್ಟಪಟ್ಟು ತಮ್ಮ ತಂಡಗಳನ್ನು ಕಳಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಬೆಂಗಳೂರಿನ ಹತ್ತು ಕಿಲೋಮೀಟರಿನ ಓಟದ ವಿಷಯ ಪತ್ರಿಕೆ ಓದುವ ಎಲ್ಲರಿಗೂ ತಿಳಿದದ್ದೇ. 2008ರಲ್ಲಿ ಶುರುವಾದ ಅದರಲ್ಲಿ ಜಗತ್ತಿನ ಹೆಸರುವಾಸಿ ಓಟಗಾರರ ಹಿಂದೆ ಸಾವಿರಾರು ಜನ ಕಚೇರಿಯವರೂ ಓಡುತ್ತಾರೆ. ಎದೆಯ ಮೇಲೆ ಕಂಪೆನಿಯ ಹೆಸರು, ಕೈಯಲ್ಲಿ ಯಾವುದಾದರೊಂದು ಸೇವಾಸಂಸ್ಥೆಯ ಫಲಕ. ಓಡಲಾರದವರಿಗೆ ‘ಮಜಾ ರನ್’ ಎಂಬುದೊಂದಿದೆ. ಹೆಸರಿಟ್ಟವರು ಪ್ರಾಮಾಣಿಕರೆಂದೇ ಹೇಳಬೇಕು.

ಇದನ್ನು ಹಂಗಿಸುವುದು ಸುಲಭ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಈ ಮಾತು ತೆಗೆದಾಗ ಎಲ್ಲರೂ ಹೇಳಿದ್ದು ಒಂದೇ: ‘ಅಂಗಿಗೆ, ಬಸ್ಸಿಗೆ, ಬಾಳೆಹಣ್ಣಿಗೆ ಸುರಿದ ದುಡ್ಡನ್ನು ನೇರವಾಗಿ ಶಾಲೆಗೇ ಕೊಡಬಾರದಿತ್ತೆ?’ ಮಾತು ನ್ಯಾಯವಾಗಿ ಕೇಳಿಸುತ್ತದೆ. ಆದರೆ ಸ್ವಲ್ಪ ತಡೆದು ನೋಡಿದರೆ ಅದರಲ್ಲಿ ಹುರುಳು ಕಡಿಮೆ. ಆ ದುಡ್ಡು ನೇರವಾಗಿ ಶಾಲೆಗೆ ಹೋಗುತ್ತಿರಲಿಲ್ಲ; ಜೇಬಿನಲ್ಲೇ ಇರುತ್ತಿತ್ತು. ನಾವು ಕೊಡುವುದು ಯಾರಾದರೂ ಬಂದು ಕೇಳಿದಾಗ. ಕೇಳದಿದ್ದರೆ ಕೊಡಬೇಕೆಂಬ ನೆನಪಾದರೂ ಎಷ್ಟು ಮಂದಿಗೆ ಬರುತ್ತದೆ?

ದಣಿವಿಗೆ ತಕ್ಕಂತೆ ಹಣ ಬರುತ್ತದೆಂಬುದೂ ಸುಳ್ಳು. 2020ರಲ್ಲಿ ಕೊರೋನಾ ಮಾರಿ ಹಬ್ಬಿದ್ದಾಗ ಇಂಗ್ಲೆಂಡಿನ ಕ್ಯಾಪ್ಟನ್ ಟಾಮ್ ಮೂರ್ ಎಂಬ ಮುದುಕರು, ಎರಡನೆಯ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದವರು, ನಡಿಗೆಗೆ ಆಸರೆಯಾದ ಚೌಕಟ್ಟನ್ನು ಹಿಡಿದು ತಮ್ಮ ತೋಟದ 25 ಮೀಟರಿನ ಹಾದಿಯನ್ನು ನೂರು ಸಲ ನಡೆಯುತ್ತೇನೆಂದರು. ಏಪ್ರಿಲ್ 30ಕ್ಕೆ ಅವರಿಗೆ ನೂರು ತುಂಬುವುದಿತ್ತು. ಅಷ್ಟರೊಳಗೆ ಮುಗಿಸಬೇಕೆಂಬ ಛಲ. ಅಲ್ಲಿನ ಸರ್ಕಾರಿ ಆರೋಗ್ಯಸೇವೆಗೆ ನೆರವಾಗುವ ಸಂಸ್ಥೆಗಳಿಗೆ ಒಂದು ಸಾವಿರ ಪೌಂಡು ಕೂಡಿದರೆ ಸಾಕೆಂದುಕೊಂಡಿದ್ದರು. ಕೂಡಿದ್ದು ಮೂರು ಕೋಟಿ ಪೌಂಡಿಗೂ ಮೇಲೆ. ಲೆಕ್ಕ ಹಾಕಿದರೆ ಒಟ್ಟು ನಡೆದದ್ದು ಎರಡೂವರೆ ಕಿಲೋಮೀಟರು; ನಮ್ಮೂರಿನ ಮಕ್ಕಳು ಶಾಲೆಗೆ ಹೋಗಿಬರಲು ಅದಕ್ಕಿಂತ ಹೆಚ್ಚು ನಡೆಯುತ್ತಾರೆ. ಜನ ಕೊಟ್ಟದ್ದು ಆ ದೂರಕ್ಕಲ್ಲ. ಕೇಳಿದ ರೀತಿಗೆ, ಕೇಳಿದ ಮನುಷ್ಯನಿಗೆ.

ಆದ್ದರಿಂದ ನನಗೆ ತೋರುವುದೇನೆಂದರೆ, ಈ ಓಟ, ಈ ಬೆಟ್ಟ, ಈ ಬೆವರು ಎಲ್ಲವೂ ಬೇಡುವುದಕ್ಕೊಂದು ನೆಪ. ನೆಪವೆಂದು ಹಗುರಾಗಿ ಹೇಳುತ್ತಿಲ್ಲ. ಸಂಬಳ ತರುವ ಮನುಷ್ಯನಿಗೆ ಕೈಚಾಚುವುದು ಬಹು ನಾಚಿಕೆಯ ಕೆಲಸ. ಇದು ನನಗೆ ಅನುಭವದಿಂದ ಗೊತ್ತು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಹಳ್ಳಿಗಳ ಮೇಲೆ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತಾಗ ನಮ್ಮ ಎನ್.ಎಸ್.ಎಸ್. ಘಟಕದವರು ಡಬ್ಬಿ ಹಿಡಿದು ಪೇಟೆಗೆ ಹೋಗಿದ್ದೆವು. ಮೊದಲನೆಯ ಅಂಗಡಿಯ ಮುಂದೆ ನನಗೆ ಬಾಯೇ ಬರಲಿಲ್ಲ. ನಾನು ಕಾಲೇಜಿಗೆ ಬಂದದ್ದೇ ಯಾರ ಮುಂದೆಯೂ ಕೈಚಾಚಬಾರದೆಂದು. ನಮ್ಮ ಮನೆಯಲ್ಲಿ ಅವ್ವ ಹೇಳಿ ಕಳಿಸಿದ್ದೂ ಅದನ್ನೇ. ಜವಳಿ ಅಂಗಡಿಯವರೊಬ್ಬರು ‘ನಾಳೆ ಬನ್ನಿ’ ಎಂದರು. ಸೊಪ್ಪು ಮಾರುವ ಮುದುಕಿಯೊಬ್ಬಳು ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಹಾಕಿ, ‘ಎಷ್ಟು ಜನ ಹೋದರಪ್ಪಾ?’ ಎಂದು ಕೇಳಿ, ಉತ್ತರ ಕೇಳುವ ಮುನ್ನವೇ ಕಣ್ಣೊರಸಿಕೊಂಡಳು. ಸಂಜೆಯ ಹೊತ್ತಿಗೆ ನನ್ನ ನಾಚಿಕೆ ಹೋಗಿತ್ತು. ಕೂಡಿದ ಹಣ ಹೆಚ್ಚೇನೂ ಅಲ್ಲ. ಆದರೆ ಪೇಟೆಯ ಜನ ನನಗೆ ಮೊದಲಿನ ಜನರಾಗಿ ಕಾಣಲಿಲ್ಲ. ಬೇಡಿದವನಿಗೆ ಮಾತ್ರ ಕೊಡುವವನ ಮುಖ ಕಾಣುತ್ತದೆ. ದಿನವಿಡೀ ಗಣಕಯಂತ್ರದ ಮುಂದೆ ಕುಳಿತವರನ್ನು ಒಂದು ದಿನವಾದರೂ ಈ ನಾಚಿಕೆಯ ಹೊಳೆ ದಾಟಿಸುವುದಾದರೆ ಬೆಟ್ಟ ಹತ್ತಿಸಿದ್ದು ಸಾರ್ಥಕವೆಂದೇ ನನ್ನ ಮತ.

ನಡೆಯುವುದಕ್ಕೂ ಬೇಡುವುದಕ್ಕೂ ಗಂಟುಹಾಕಿದವರಲ್ಲಿ ನಮ್ಮ ದೇಶದ ದೊಡ್ಡ ಹೆಸರು ವಿನೋಬಾ ಭಾವೆಯವರದು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂಮಿಯಿಲ್ಲದ ದಲಿತರು ಅವರ ಮುಂದೆ 80 ಎಕರೆ ಬೇಕೆಂದು ಕೇಳಿಕೊಂಡರು. ಅವರು ಊರವರನ್ನೇ ಕೇಳಿದರು. ರಾಮಚಂದ್ರ ರೆಡ್ಡಿ ಎಂಬವರು ಎದ್ದುನಿಂತು 100 ಎಕರೆ ಕೊಟ್ಟರು. ಅಲ್ಲಿಂದ ಹದಿಮೂರು ವರ್ಷಕ್ಕೂ ಹೆಚ್ಚು ಕಾಲ ವಿನೋಬಾ ಊರಿಂದೂರಿಗೆ ನಡೆದರು, ನಿಮ್ಮ ಭೂಮಿಯಲ್ಲಿ ಆರರಲ್ಲೊಂದು ಪಾಲು ಕೊಡಿ ಎಂದು ಬೇಡಿದರು. 1957ರಲ್ಲಿ ಮೈಸೂರಿನ ಬಳಿಯ ಯಲವಾಲದಲ್ಲಿ ನಡೆದ ಗ್ರಾಮದಾನದ ಸಮ್ಮೇಳನಕ್ಕೆ ನೆಹರೂ ಅವರೇ ಬಂದಿದ್ದರು. ಬಂದ ಭೂಮಿಯಲ್ಲಿ ಎಷ್ಟೋ ಭಾಗ ಬಂಜರು, ಎಷ್ಟೋ ಭಾಗ ಹಂಚಿಕೆಯಾಗದೆಯೇ ಉಳಿಯಿತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವರ ಕಾಲ್ನಡೆಗೊಂದು ಅರ್ಥವಿತ್ತು. ಕಾರಿನಲ್ಲಿ ಹೋಗುವವನು ಊರುಗಳನ್ನು ದಾಟಿ ಹೋಗುತ್ತಾನೆ. ನಡೆಯುವವನು ಪ್ರತಿಯೊಂದು ಊರಿನಲ್ಲೂ ನಿಲ್ಲಲೇಬೇಕು, ನೀರು ಕೇಳಲೇಬೇಕು. ಅವರ ದಾರಿ ಕೊಡುವವನ ಬಾಗಿಲಿಗೇ ಹೋಗುತ್ತಿತ್ತು. ಇಂದಿನ ತಂಡಗಳ ದಾರಿ ಬೆಟ್ಟಕ್ಕೆ ಹೋಗುತ್ತದೆ. ಕೊಡುವವನು ಎಲ್ಲೋ ಕುಳಿತು ಫೋನಿನಲ್ಲಿ ಕೊಡುತ್ತಾನೆ.

ಹೋದ ಜಾಗದ ಜನರನ್ನಾದರೂ ಕೇಳಿ ಹೋಗುತ್ತಾರೆಯೆ? ಬ್ರಿಟನ್ನಿನಲ್ಲಿ ಕಚೇರಿ ತಂಡಗಳಿಗೆ ಬಲು ಪ್ರಿಯವಾದದ್ದು ಮೂರು ಶಿಖರಗಳ ಸಾಹಸ. ಸ್ಕಾಟ್ಲೆಂಡಿನ ಬೆನ್ ನೆವಿಸ್, 1,345 ಮೀಟರು. ಇಂಗ್ಲೆಂಡಿನ ಸ್ಕಾಫೆಲ್ ಪೈಕ್, 978. ವೇಲ್ಸಿನ ಸ್ನೋಡನ್, 1,085. ಅಲ್ಲಿನ ರಾಷ್ಟ್ರೀಯ ಉದ್ಯಾನದವರು 2022ರಿಂದ ಸ್ನೋಡನ್ನನ್ನು ವೇಲ್ಸ್ ಭಾಷೆಯ ‘ಅರ್ ವಿದ್‌ವಾ’ ಎಂಬ ಹೆಸರಿನಿಂದಲೇ ಕರೆಯುತ್ತಾರೆ. ಮೂರನ್ನೂ 24 ಗಂಟೆಯೊಳಗೆ ಹತ್ತಿ ಇಳಿಯಬೇಕು; ನಡುವಿನ ಹಾದಿಯನ್ನು ವ್ಯಾನಿನಲ್ಲಿ ಓಡಬೇಕು. ಲೆಕ್ಕ ಹೇಗೆ ಬೀಳುತ್ತದೆಂದರೆ, ನಡುವಿನ ಶಿಖರ ಸಾಮಾನ್ಯವಾಗಿ ನಡುರಾತ್ರಿಗೆ ಬರುತ್ತದೆ. ಅದರ ಬುಡದಲ್ಲಿರುವುದು ವಾಸ್‌ಡೇಲ್ ಕಣಿವೆ. ನಾಲ್ಕಾರು ಮನೆ, ಕುರಿಗಳ ಹೊಲ, ಒಂದು ವಾಹನ ಹೋಗುವಷ್ಟೇ ಅಗಲದ ದಾರಿ. ಬೇಸಗೆಯ ಶನಿವಾರದ ರಾತ್ರಿಗಳಲ್ಲಿ ಅಲ್ಲಿ ವ್ಯಾನುಗಳ ಸಾಲು, ಬಾಗಿಲು ಬಡಿಯುವ ಸದ್ದು, ಕಸ, ಬೇಲಿಯ ಮರೆಯ ಹೊಲಸು. ಊರಿನವರು ವರ್ಷಗಟ್ಟಲೆ ದೂರಿದ್ದಾರೆ. ದಾರಿ ತಪ್ಪಿದವರನ್ನು ಹುಡುಕಿ ಹೊತ್ತು ತರುವ ಪರ್ವತರಕ್ಷಕರೋ ಕೂಲಿಯಿಲ್ಲದೆ ದುಡಿಯುವ ಸ್ವಯಂಸೇವಕರು. ಎಲ್ಲಿಯದೋ ಆಸ್ಪತ್ರೆಗೆ ಹಣ ಕೂಡಿತು. ಆ ಪುಣ್ಯಕ್ಕೆ ವಾಸ್‌ಡೇಲಿನ ಕುರುಬ ತನ್ನ ನಿದ್ದೆ ಕೊಟ್ಟ. ಅವನನ್ನು ಕೇಳಿದವರು ಯಾರು?

ಈಗ ಕಚೇರಿಯೊಳಗಿನ ಮಾತಿಗೆ ಬರುತ್ತೇನೆ. ನನಗೆ ಮುಖ್ಯವಾಗಿ ಹೇಳಬೇಕಾದದ್ದು ಅದೇ. ವಿನೋಬಾ ಬೇಡಿದಾಗ ಬೇಡುವವನು ಕೆಳಗೆ ಕುಳಿತಿದ್ದ, ಕೊಡುವವನು ಮೇಲೆ. ಕೊಡುವವನು ಒಲ್ಲೆನೆಂದರೆ ಕೈಮುಗಿದು ಮುಂದಿನ ಊರಿಗೆ ಹೋಗಬೇಕು. ಕಚೇರಿಯಲ್ಲಿ ಇದು ತಿರುಗುಮುರುಗು. ನಮ್ಮ ಕಾಲೇಜಿನಲ್ಲೇ ಓದಿ ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದ ಅಕ್ಕ ಒಬ್ಬರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಅವರ ವಿಭಾಗದ ಮುಖ್ಯಸ್ಥರು ಓಟಕ್ಕೆ ಹೆಸರು ಕೊಟ್ಟರು. ತಾವು ಓಡುವುದಕ್ಕೆ ನೆರವಾಗಬೇಕೆಂದು ಎಲ್ಲರಿಗೂ ಒಂದು ಕೊಂಡಿ ಕಳಿಸಿದರು. ಅದನ್ನು ತೆರೆದರೆ ಯಾರು ಎಷ್ಟು ಕೊಟ್ಟರೆಂಬ ಪಟ್ಟಿ ಕಾಣುತ್ತದೆ. ಯಾರು ಕೊಟ್ಟಿಲ್ಲವೆಂಬುದು ಅದರಿಂದಲೇ ತಿಳಿಯುತ್ತದೆ. ಅಕ್ಕನ ಸಂಬಳ ಹದಿನೆಂಟು ಸಾವಿರ. ಬಾಡಿಗೆ, ಬಸ್ಸು, ಊರಿಗೆ ಕಳಿಸುವುದು ಕಳೆದು ಉಳಿಯುವುದೆಷ್ಟು? ಐನೂರು ರೂಪಾಯಿ ಹಾಕಿದರಂತೆ. ‘ಒಳ್ಳೆಯ ಕೆಲಸಕ್ಕೇ ಹೋಯಿತು ಬಿಡು, ಆದರೆ ನಾನು ಕೊಟ್ಟೆ ಅಂತ ಅನ್ನಿಸಲೇ ಇಲ್ಲ’ ಎಂದರು. ಮುಖ್ಯಸ್ಥರು ಕೆಟ್ಟವರಲ್ಲ, ಹತ್ತು ಕಿಲೋಮೀಟರು ನಿಜವಾಗಿಯೂ ಓಡಿದರು. ಆದರೆ ಇಲ್ಲವೆನ್ನಲಾರದವರನ್ನು ಕೇಳುವುದಕ್ಕೆ ಬೇಡುವುದು ಎನ್ನಲಾಗದು. ಹಳೆಯ ಕಾಲದಲ್ಲಿ ಅದಕ್ಕೆ ಕಂದಾಯವೆಂದು ಹೆಸರು.

ಕಾನೂನು ಈ ವಿಷಯದಲ್ಲಿ ಒಂದು ಗೆರೆ ಎಳೆದಿದೆ. 2013ರ ಕಂಪೆನಿ ಕಾಯಿದೆಯ 135ನೆಯ ಕಲಮಿನಂತೆ, ನಿಗದಿಯಾದ ಮಟ್ಟ ಮೀರಿದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ಅದು ಜಾರಿಗೆ ಬಂದ 2014ರಲ್ಲೇ ಕೇಂದ್ರ ಸರ್ಕಾರ ಸುತ್ತೋಲೆ ಹೊರಡಿಸಿ, ಮ್ಯಾರಥಾನಿನಂಥ ಒಂದು ದಿನದ ಉತ್ಸವಗಳ ಖರ್ಚು ಈ ಲೆಕ್ಕಕ್ಕೆ ಸೇರದೆಂದು ಸ್ಪಷ್ಟಪಡಿಸಿತು. ಓಟ ಬೇರೆ, ಸೇವೆ ಬೇರೆ ಎಂಬುದನ್ನು ದೆಹಲಿಯವರು ಆಗಲೇ ಕಂಡುಕೊಂಡಿದ್ದರು. ಆದರೆ ಆ ಗೆರೆ ಕಂಪೆನಿಯ ತಿಜೋರಿಗೆ ಸಂಬಂಧಪಟ್ಟದ್ದು. ಕಿರಿಯ ನೌಕರನ ಜೇಬಿಗಲ್ಲ.

ಇನ್ನು, ಯಾರನ್ನು ತಂಡವೆನ್ನುತ್ತಾರೆಂಬ ಪ್ರಶ್ನೆ. ಇಲ್ಲಿ ನಮ್ಮ ಮನೆಯ ಮಾತು ಬರುತ್ತದೆ, ಓದುಗರು ಕ್ಷಮಿಸಬೇಕು. ನನ್ನ ಅಣ್ಣ ಬೆಂಗಳೂರಿನ ಒಂದು ಕಚೇರಿಯಲ್ಲಿ ರಾತ್ರಿ ಕಾವಲುಗಾರ. ಅಲ್ಲಿ ಹೋದ ವರ್ಷ ಹೆಜ್ಜೆಗಳ ಪಂಥ ನಡೆಯಿತು. ಹತ್ತು ಹತ್ತು ಜನರ ತಂಡಗಳು. ಎಲ್ಲರೂ ಸೇರಿ ಒಂದು ತಿಂಗಳಲ್ಲಿ ಐದು ಕೋಟಿ ಹೆಜ್ಜೆ ನಡೆಯಬೇಕು. ನಡೆದರೆ ನೌಕರರು ಕೂಡಿಸಿದ ಹಣಕ್ಕೆ ಕಂಪೆನಿ ಅಷ್ಟೇ ಹಣ ಸೇರಿಸಿ ಹಳ್ಳಿಯ ಶಾಲೆಗಳಿಗೆ ಶೌಚಾಲಯ ಕಟ್ಟಿಸಿಕೊಡುತ್ತದೆ. ಹೆಜ್ಜೆ ಎಣಿಸುವುದು ಫೋನು. ಹಗಲಲ್ಲಿ ಅಧಿಕಾರಿಗಳು ಊಟವಾದ ಮೇಲೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರಂತೆ. ಕೆಲವರು ಫೋನನ್ನು ಕೈಯಲ್ಲಿ ಹಿಡಿದು ಕುರ್ಚಿಯಲ್ಲೇ ಅಲ್ಲಾಡಿಸುತ್ತಿದ್ದರಂತೆ. ಅಣ್ಣನಿಗೆ ಗಂಟೆಗೊಂದು ಸುತ್ತು, ಆರು ಅಂತಸ್ತು, ಎರಡು ನೆಲಮಾಳಿಗೆ. ಒಂದು ರಾತ್ರಿ ಕುತೂಹಲಕ್ಕೆ ತನ್ನ ಫೋನು ನೋಡಿಕೊಂಡ: ಹದಿನೆಂಟು ಸಾವಿರ ಚಿಲ್ಲರೆ ಹೆಜ್ಜೆ.

ಕಾವಲಿನ ಮೇಜಿನ ಪಕ್ಕದ ಗೋಡೆಗೇ ಹಣ ಕಳಿಸುವ ಚೌಕದ ಚೀಟಿ ಅಂಟಿಸಿದ್ದರು. ಅಣ್ಣ ಐವತ್ತು ರೂಪಾಯಿ ಹಾಕಿದ. ಯಾರೂ ಒತ್ತಾಯಿಸಿರಲಿಲ್ಲ. ನಮ್ಮೂರ ಶಾಲೆಯಲ್ಲಿ ಶೌಚಾಲಯವಿಲ್ಲದೆ ನಮ್ಮ ತಂಗಿ ಪಟ್ಟ ಪಾಡು ಅವನಿಗೆ ಗೊತ್ತಿತ್ತು. ಮಾರನೆಯ ದಿನ ಬೆಳಿಗ್ಗೆ ಪಾಳಿ ಮುಗಿಸಿ ಹೊರಡುವಾಗ ಪಂಥದ ಉಸ್ತುವಾರಿ ನೋಡುತ್ತಿದ್ದವರನ್ನು ಕಂಡು, ‘ಸಾರ್, ನನ್ನ ಹೆಜ್ಜೆ ಸೇರಿಸಿಕೊಳ್ಳೋಕಾಗುತ್ತಾ?’ ಎಂದು ಕೇಳಿದ. ಅವರು ಒಳ್ಳೆಯ ಮಾತಿನಲ್ಲೇ ಹೇಳಿದರಂತೆ: ಗುತ್ತಿಗೆಯವರ ಹೆಸರು ಕಂಪೆನಿಯ ಪಟ್ಟಿಯಲ್ಲಿಲ್ಲ, ಪಟ್ಟಿಯಲ್ಲಿಲ್ಲದವರ ಹೆಜ್ಜೆಯನ್ನು ಯಂತ್ರ ತೆಗೆದುಕೊಳ್ಳುವುದಿಲ್ಲ. ಹಣವನ್ನು ಮಾತ್ರ ತೆಗೆದುಕೊಂಡಿತ್ತು.

ಊರಿಗೆ ಬಂದಾಗ ಅಣ್ಣ ಇದನ್ನು ತಮಾಷೆಯಾಗಿ ಹೇಳಿದ. ನಾನು ಸಿಟ್ಟಾದೆ. ‘ಬಿಡೋ, ಶಾಲೆಗೆ ಕಕ್ಕಸು ಆಯ್ತಲ್ಲ’ ಎಂದ. ಅವನ ಮಾತೂ ನಿಜ. ಶೌಚಾಲಯಕ್ಕೆ ಯಾರ ಹೆಜ್ಜೆಯಾದರೇನು? ಆದರೆ ಹಾಂಗ್ ಕಾಂಗಿನ ಆ ನಾಲ್ವರನ್ನು ನೆನೆದುಕೊಂಡಾಗೆಲ್ಲ ನನಗೆ ಅಣ್ಣನ ನೆನಪಾಗುತ್ತದೆ. ನಿಧಾನಿಗಾಗಿ ನಿಲ್ಲುವುದು ತಂಡವಾದರೆ, ರಾತ್ರಿಯಿಡೀ ನಡೆಯುವವನನ್ನು ಹೊರಗೇ ಬಿಟ್ಟು ಎಣಿಸಿಕೊಂಡದ್ದನ್ನು ಏನೆನ್ನಬೇಕು? ಕಸ ಗುಡಿಸುವವರು, ಊಟದ ಮನೆಯಲ್ಲಿ ತಟ್ಟೆ ತೊಳೆಯುವವರು, ವ್ಯಾನು ಓಡಿಸುವವರು, ಇವರೆಲ್ಲರ ಹೆಜ್ಜೆಗಳನ್ನೂ ಸೇರಿಸಿದ್ದರೆ ಐದು ಕೋಟಿ ಎಷ್ಟು ಬೇಗ ತುಂಬುತ್ತಿತ್ತೋ. ಉಬ್ಬಸದವರು, ಬಸುರಿಯರು, ಕಾಲಿಲ್ಲದವರು ಕೂಡ ಈ ಲೆಕ್ಕದಲ್ಲಿ ಹೊರಗೇ ಉಳಿಯುತ್ತಾರೆ. ದಣಿಯುವುದೊಂದೇ ಕೊಡುವ ದಾರಿಯೆಂದು ಸಾರಿದ ಮೇಲೆ ದಣಿಯಲಾರದವರು ಕೈಕಟ್ಟಿ ನೋಡಬೇಕಷ್ಟೆ.

ಹಾಗಾದರೆ ಈ ಓಟಗಳು ಬೇಡವೆ ಎಂದು ನಮ್ಮ ಇಂಗ್ಲಿಷ್ ಅಧ್ಯಾಪಕರು ಈ ಲೇಖನದ ಮೊದಲ ಪ್ರತಿಯನ್ನು ಓದಿ ಕೇಳಿದರು. ಬೇಕು ಎಂದೆ. ಬೆಟ್ಟ ಹತ್ತಲಿ, ಓಡಲಿ, ನಡುರಾತ್ರಿ ನಡೆಯಲಿ. ಕೊಟ್ಟವರ ಹೆಸರು, ಮೊತ್ತ ಯಾರಿಗೂ ಕಾಣದಿರಲಿ. ಸಾಹೇಬರು ತಮ್ಮ ಕೈಕೆಳಗಿನವರನ್ನು ಬಿಟ್ಟು ತಮ್ಮ ಸರೀಕರನ್ನು, ನೆಂಟರನ್ನು, ತಮ್ಮ ಬೀದಿಯ ಅಂಗಡಿಯವರನ್ನು ಕೇಳಲಿ. ‘ನಾಳೆ ಬನ್ನಿ’ ಎಂದು ಅವರಿಗೂ ಯಾರಾದರೂ ಹೇಳಲಿ. ಹೆಜ್ಜೆ ಎಣಿಸುವುದಾದರೆ ಆ ಕಟ್ಟಡದೊಳಗೆ ನಡೆಯುವವರೆಲ್ಲರದನ್ನೂ ಎಣಿಸಲಿ. ಅವರು ಕನ್ನಡಕ ತೆಗೆದು ಒರಸಿಕೊಂಡು, ‘ನಿನಗೆ ಕೆಲಸ ಸಿಕ್ಕ ಮೇಲೂ ಇದನ್ನೇ ಹೇಳುತ್ತೀಯೇನಪ್ಪ?’ ಎಂದರು. ನಾನು ಉತ್ತರ ಕೊಡಲಿಲ್ಲ.

ಫೆಬ್ರವರಿಯಲ್ಲಿ ನನ್ನ ಪಕ್ಕ ಕುಳಿತು ಪ್ರಶ್ನೆ ಕೇಳಿದ ಸ್ನೇಹಿತನಿಗೆ ಆ ಕಂಪೆನಿಯಲ್ಲೇ ಕೆಲಸವಾಗಿದೆ. ಜುಲೈಯಲ್ಲಿ ಸೇರಬೇಕು. ಮೊನ್ನೆ ಗ್ರಂಥಾಲಯದ ಮೆಟ್ಟಿಲ ಮೇಲೆ ಸಿಕ್ಕಿದ್ದ. ಅವರ ತಂಡ ಈ ಸಲ ಇನ್ನೊಂದು ಬೆಟ್ಟ ಹತ್ತುವುದಂತೆ. ಹೊಸಬರ ಹೆಸರನ್ನೂ ಆಗಲೇ ಬರೆದುಕೊಂಡಿದ್ದಾರಂತೆ. ‘ನಾನು ಕೇಳಿದರೆ ನೀನು ಕೊಡ್ತೀಯೇನೋ?’ ಎಂದ. ‘ನೂರು ರೂಪಾಯಿ ಕೊಡ್ತೀನಿ. ಅಲ್ಲಿನ ಕಾವಲಿನವರನ್ನೂ ಜೊತೆಗೆ ಕರೆದುಕೊಂಡು ಹೋಗ್ತಾರಾ, ಕೇಳಿ ಹೇಳು’ ಎಂದೆ. ವಿಚಾರಿಸುತ್ತೇನೆ ಎಂದು ಹೋದವನು ಇನ್ನೂ ಏನೂ ಹೇಳಿಲ್ಲ.